ದಯೆ ವರ್ಗಾವಣೆಯಾದ ಮೇಲೆ

ತಾಲ್ಲೂಕಿನ ಅಂಚಿನ ಪಶು ಆಸ್ಪತ್ರೆಯೊಂದರಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದಾಗ ಜೊತೆಯಲ್ಲಿ ಒಬ್ಬ ಪಶುವೈದ್ಯಕೀಯ ಪರೀಕ್ಷಕರಿದ್ದರು. ಊರವರ ಬಾಯಲ್ಲಿ ಅವರೂ ಡಾಕ್ಟ್ರೇ. ಕೃತಕ ಗರ್ಭಧಾರಣೆಯಲ್ಲಿ ಪಳಗಿದ ಕೈ. ಒಂದು ಬೆಳಿಗ್ಗೆ ಬೆದೆಗೆ ಬಂದ ಎಚ್‌ಎಫ್ ಹಸುವಿನ ಹಿಂದೆ ನಿಂತಿದ್ದಾಗ ಅದು ಒದ್ದಿತು. ಮಂಡಿ ಹೋಯಿತು. ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳ ನಂತರ ಕೆಲಸಕ್ಕೆ ಬಂದರು, ಆದರೆ ಆ ಕಾಲು ಪೂರ್ತಿ ಮಡಚುತ್ತಿರಲಿಲ್ಲ. ಆಗಿನ ನಮ್ಮ ಸಹಾಯಕ ನಿರ್ದೇಶಕರು ದೊಡ್ಡ ಮನಸ್ಸಿನವರು. "ನೀವು ಗುಡ್ಡದ ಕಡೆ ಹಳ್ಳಿಗೆ ಹೋಗ್ಬೇಡಿ. ಆಸ್ಪತ್ರೇಲಿ ಕಟ್ಟಿದ ಹಸು ನೋಡ್ಕೊಳ್ಳಿ, ಲ್ಯಾಬ್ ನೋಡ್ಕೊಳ್ಳಿ, ರಿಜಿಸ್ಟರ್ ಬರೀರಿ" ಅಂದರು. ಗುಡ್ಡದ ಹಳ್ಳಿಗಳನ್ನು ನಾನೂ ಇನ್ನೊಬ್ಬರೂ ಹಂಚಿಕೊಂಡೆವು. ನಾಲ್ಕು ವರ್ಷ ಸುಗಮವಾಗಿ ನಡೆಯಿತು.

ಐದನೇ ವರ್ಷದ ವರ್ಗಾವಣೆ ಕಾಲದಲ್ಲಿ ಸಾಹೇಬರು ಬೇರೆ ಜಿಲ್ಲೆಗೆ ಹೋದರು. ಬಂದ ಹೊಸಬರು ಕೆಟ್ಟವರೇನಲ್ಲ, ಕಡತದ ಮನುಷ್ಯ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಆದೇಶ ಎಲ್ಲಿದೆ?" ಆದೇಶ ಇರಲಿಲ್ಲ. ಮುಂದಿನ ಕಾಲುಬಾಯಿ ಜ್ವರದ ಲಸಿಕೆ ಸುತ್ತಿನಲ್ಲಿ ಪಟ್ಟಿ ತಯಾರಾದಾಗ ಗುಡ್ಡದ ಎರಡು ಹಳ್ಳಿ ಪರೀಕ್ಷಕರ ಹೆಸರಿನ ಮುಂದೆ ಬಂದವು. ಮೂರನೇ ದಿನ ಐಸ್ ಬಾಕ್ಸ್ ಹೆಗಲಿಗೆ ಹಾಕಿಕೊಂಡೇ ದಾರಿ ಬದಿಯ ಮೋರಿ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರಂತೆ. ಯಾರೋ ರೈತರು ಬೈಕಿನಲ್ಲಿ ತಂದುಬಿಟ್ಟರು. ಆಮೇಲೆ ರಜೆ, ರಜೆಯ ಮೇಲೆ ರಜೆ, ಕೊನೆಗೆ ಸ್ವಯಂ ನಿವೃತ್ತಿ. ಹೊಸ ಸಾಹೇಬರನ್ನು ಬೈಯುವುದು ಸುಲಭ. ಆದರೆ ನಾಲ್ಕು ವರ್ಷ ಪರೀಕ್ಷಕರ ಪಕ್ಕದಲ್ಲೇ ಕೂತು ಚಹಾ ಕುಡಿದ ನಾನು ಒಂದು ಹಾಳೆ ಬರೆಸಲಿಲ್ಲವಲ್ಲ, ಅದು ಈಗಲೂ ಚುಚ್ಚುತ್ತದೆ.

ನಮ್ಮ ನಾಡಿನಲ್ಲಿ ಬಸ್ಸಿನ ಸೀಟಿನಿಂದ ಮದುವೆ ಮನೆಯ ಪಂಕ್ತಿಯವರೆಗೆ ದಿನವೂ ಕೇಳುವ ಮಾತು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ". ಕಚೇರಿಯಲ್ಲಿ ಈ ಮಾತು ಯಾರಿಗೆ ಹೇಳುತ್ತೇವೆ ಗಮನಿಸಿ. ಮೆಟ್ಟಿಲು ಹತ್ತಲಾಗದವನಿಗೆ, ಕಿವಿ ಕೇಳದವಳಿಗೆ, ಬೆನ್ನು ನೋವಿನವನಿಗೆ. ಕಾನೂನು ಹೇಳುವುದು ಇದರ ತಿರುಗುಮುರುಗು: ಅಡ್ಜಸ್ಟ್ ಮಾಡಿಕೊಳ್ಳಬೇಕಾದ್ದು ಕಚೇರಿ. ಬ್ರಿಟನ್ನಿನಲ್ಲಿ ಇದಕ್ಕೆ 'ರೀಸನಬಲ್ ಅಡ್ಜಸ್ಟ್‌ಮೆಂಟ್' ಎಂದೇ ಹೆಸರು. 1995ರ ಕಾಯ್ದೆಯಲ್ಲಿ ಬಂದ ಈ ಹೊಣೆ ಈಗ ಅಲ್ಲಿನ 2010ರ ಸಮಾನತೆ ಕಾಯ್ದೆಯಲ್ಲಿದೆ. ಹೊಂದಾಣಿಕೆಯ ಖರ್ಚನ್ನು ನೌಕರನ ತಲೆಗೆ ಕಟ್ಟುವಂತಿಲ್ಲ ಎಂದೂ ಅದರಲ್ಲಿ ಬರೆದಿದೆ.

ನಮ್ಮಲ್ಲಿ ಈ ಹೊಣೆ ಬಂದದ್ದು ವಿಶ್ವಸಂಸ್ಥೆಯ ದಾರಿಯಿಂದ. ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಸ್ಥಿರೀಕರಿಸಿತು. ಅದಕ್ಕೆ ತಕ್ಕ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಾಯಿತು. ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಇದರಲ್ಲಿ 21. ತಕ್ಕ ಹೊಂದಾಣಿಕೆ ಎಂದರೆ, ಮಾಲೀಕನ ಮೇಲೆ ಮಿತಿಮೀರಿದ ಹೊರೆ ಬೀಳದಂತೆ, ಆದರೆ ಆ ವ್ಯಕ್ತಿ ಉಳಿದವರ ಸಮಕ್ಕೆ ನಿಲ್ಲುವಂತೆ ಮಾಡುವ ಅಗತ್ಯ ಬದಲಾವಣೆ. ಅದನ್ನು ನಿರಾಕರಿಸಿದರೆ ಅದೇ ತಾರತಮ್ಯ. 20ನೇ ಕಲಮು ಸರ್ಕಾರಿ ಸಂಸ್ಥೆಗಳಿಗೆ ಇನ್ನೂ ಖಚಿತವಾಗಿ ಹೇಳುತ್ತದೆ. ಸೇವೆಯಲ್ಲಿರುವಾಗ ವೈಕಲ್ಯ ಬಂದವರನ್ನು ತೆಗೆದುಹಾಕುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಹಿಂದಿನ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಖಾಲಿ ಇಲ್ಲವೆಂದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಸಂಖ್ಯಾತಿರಿಕ್ತ ಹುದ್ದೆಯಲ್ಲಿ ಇಟ್ಟುಕೊಳ್ಳಬಹುದು. ನಮ್ಮ ಪರೀಕ್ಷಕರ ಮಂಡಿ ಹೋದದ್ದು ಈ ಕಾಯ್ದೆ ಬರುವ ಮೊದಲು. ಆದರೆ ನಮ್ಮದೇ ಹಳೆಯ 1995ರ ಕಾಯ್ದೆಯಲ್ಲೂ ಇದೇ ರಕ್ಷಣೆ ಇತ್ತು. ನಮ್ಮ ಇಡೀ ಆಸ್ಪತ್ರೆಯಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ.

ಪಶುವೈದ್ಯಕೀಯಕ್ಕೆ ಈ ಮಾತು ಬೇರೆ ಕಚೇರಿಗಳಿಗಿಂತ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಇಲ್ಲಿ ವೈಕಲ್ಯವನ್ನು ಬಹಳ ಸಲ ಕೆಲಸವೇ ಕೊಡುತ್ತದೆ. ಒದೆತ, ತಿವಿತ ಎಲ್ಲರಿಗೂ ಕಾಣುವಂಥವು. ಕಾಣದವು ಬೇರೆ ಇವೆ. ದಿನಕ್ಕೆ ಹತ್ತು ಹದಿನೈದು ಹಸುಗಳ ಗುದದ್ವಾರದಲ್ಲಿ ಹೆಗಲವರೆಗೆ ಕೈ ಹಾಕಿ ಗರ್ಭ ಪರೀಕ್ಷೆ ಮಾಡುವ ಕೈ ಇಪ್ಪತ್ತು ವರ್ಷಕ್ಕೆ ಭುಜದಲ್ಲಿ ಹಿಡಿದುಕೊಳ್ಳುತ್ತದೆ. ಎಷ್ಟೋ ಸಹೋದ್ಯೋಗಿಗಳು ಅಂಗಿ ತೊಡುವಾಗ ಎಡಗೈಯನ್ನು ಬಲಗೈಯಿಂದ ಎತ್ತಿ ತೋಳಿಗೆ ತೂರಿಸುವುದನ್ನು ನೋಡಿದ್ದೇನೆ. ನಾಯಿಗಳನ್ನು ಇಡುವ ಕೋಣೆಯಲ್ಲಿ ಬೊಗಳಾಟದ ಸದ್ದು 100 ಡೆಸಿಬೆಲ್ ಮೀರುವುದುಂಟು. ಅಲ್ಲಿ ವರ್ಷಗಟ್ಟಲೆ ಇದ್ದವರ ಕಿವಿಯ ಗತಿ ಹೇಳಬೇಕಿಲ್ಲ. ಇನ್ನು ಬ್ರುಸೆಲ್ಲಾ, ನಮ್ಮ ರೈತರ ಮಾತಿನ ಕಂದು ರೋಗ. ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಲ್ಲಿ ತೆಗೆದವರಿಗೆ, ಕರುಗಳಿಗೆ ಹಾಕುವ ಜೀವಂತ ಲಸಿಕೆಯ ಸೂಜಿಯನ್ನು ತಪ್ಪಿ ತಮಗೇ ಚುಚ್ಚಿಕೊಂಡವರಿಗೆ ಇದು ಅಂಟುತ್ತದೆ. ಬಂದು ಹೋಗಿ ಬರುವ ಜ್ವರ, ಕೀಲು ನೋವು, ಬೆನ್ನು ನೋವು. ಹೊರಗಿನಿಂದ ನೋಡಿದರೆ ಮನುಷ್ಯ ಗಟ್ಟಿಯಾಗಿಯೇ ಕಾಣುತ್ತಾನೆ. "ಇವ್ನಿಗೆ ಏನಾಗಿದೆ, ಮೈಗಳ್ಳತನ" ಎಂಬ ಮಾತು ಹುಟ್ಟುವುದು ಇಲ್ಲಿ.

ಹಾಗಿದ್ದೂ ನಮ್ಮ ವೃತ್ತಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ದನದ ಡಾಕ್ಟರ್ ಅಂದರೆ ಕಟ್ಟುಮಸ್ತಾದ ಆಳು ಎಂಬ ಚಿತ್ರ ರೈತನ ತಲೆಯಲ್ಲಿದೆ, ಅದಕ್ಕಿಂತ ಗಟ್ಟಿಯಾಗಿ ನಮ್ಮ ತಲೆಯಲ್ಲಿದೆ. ಕರು ಅಡ್ಡ ಬಂದಾಗ ನಾಲ್ಕು ಜನ ಹಗ್ಗ ಹಿಡಿದು ಎಳೆದ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ. ನಿಜ ಹೇಳಬೇಕೆಂದರೆ ಹಾಗೆ ಎಳೆದದ್ದು ಹೆಚ್ಚಿನ ಸಲ ಕೆಟ್ಟ ವೈದ್ಯ. ಕೈ ಒಳಗೆ ಹಾಕಿ, ಜಾರುವ ದ್ರವ ಬಿಟ್ಟು, ಕರುವನ್ನು ಹಿಂದಕ್ಕೆ ತಳ್ಳಿ, ಮಡಚಿದ ಕಾಲು ಸರಿಪಡಿಸಿದರೆ ಒಬ್ಬರ ಎಳೆತಕ್ಕೆ ಬರುವ ಕರುಗಳೇ ಜಾಸ್ತಿ. ನಾನೂರು ಕೆಜಿ ತೂಗುವ ಹಸುವನ್ನು ಯಾವ ಜಟ್ಟಿಯೂ ತೋಳಬಲದಿಂದ ಮಲಗಿಸಲಾರ. ಕಾಲೇಜಿನ ಮೊದಲ ವರ್ಷಗಳಲ್ಲೇ ಕಲಿಸುವ ಒಂದು ಹಗ್ಗದ ವಿದ್ಯೆ ಇದೆ: ಕೊರಳಿಗೆ ಕುಣಿಕೆ, ಎದೆಗೊಂದು ಸುತ್ತು, ಹೊಟ್ಟೆಗೊಂದು ಸುತ್ತು, ಹಿಂದಿನಿಂದ ಒಂದೇ ಸಮನೆ ಜಗ್ಗುವುದು. ಹಸು ತಾನಾಗಿ ಮಂಡಿಯೂರಿ ಮಲಗುತ್ತದೆ. ನನ್ನ ತರಗತಿಯಲ್ಲಿ ಅದನ್ನು ಮೊದಲು ಮಾಡಿ ತೋರಿಸಿದವಳು ನಲವತ್ತೆರಡು ಕೆಜಿಯ ಹುಡುಗಿ. ದನವನ್ನು ಅಲುಗದಂತೆ ನಿಲ್ಲಿಸುವ ಟ್ರೆವಿಸ್ ಚೌಕಟ್ಟು, ಮೂಗುದಾರ, ಮಂಪರು ಮದ್ದು, ಉದ್ದ ಕೋಲಿನ ಸಿರಿಂಜು, ಕರು ಎಳೆಯುವ ಜಾಕ್, ಇವೆಲ್ಲ ಮನುಷ್ಯನ ದೇಹ ಸಾಲದೆಂದು ಒಪ್ಪಿಕೊಂಡು ಮಾಡಿದ ಹೊಂದಾಣಿಕೆಗಳೇ ಅಲ್ಲವೇ? ಎರಡು ಕಾಲು ಗಟ್ಟಿ ಇರುವವನಿಗೆ ಟ್ರೆವಿಸ್ ಕೊಟ್ಟರೆ ಸಲಕರಣೆ, ಒಂದು ಕಾಲು ಸೋತವನು ಕೇಳಿದರೆ ರಿಯಾಯಿತಿ. ಈ ಲೆಕ್ಕ ನನಗೆ ಅರ್ಥವಾಗಿಲ್ಲ.

ಲಸಿಕೆ ಸುತ್ತನ್ನೇ ತೆಗೆದುಕೊಳ್ಳಿ. ವರ್ಷಕ್ಕೆ ಎರಡು ಸಲ, ದನ ಮೇಯಲು ಹೋಗುವ ಮೊದಲು, ನಸುಕಿನಲ್ಲಿ ಮನೆಮನೆಗೆ. ನಡಿಗೆ, ಬಗ್ಗುವುದು, ಚುಚ್ಚುವುದು, ಕಿವಿಯೋಲೆಯ 12 ಅಂಕಿ ಓದುವುದು, ಅದನ್ನು ಮೊಬೈಲಿನಲ್ಲಿ ದಾಖಲಿಸುವುದು: ಐದು ಕೆಲಸಗಳಾದವು. ಇಬ್ಬರ ತಂಡದಲ್ಲಿ ಇಬ್ಬರೂ ಐದನ್ನೂ ಮಾಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನಡೆಯಲಾರದವರು ಹಾಲಿನ ಡೇರಿ ಮುಂದೆ ಕುರ್ಚಿ ಹಾಕಿ ಕೂತು, ಅಲ್ಲಿಗೇ ಕರೆತಂದ ದನಗಳಿಗೆ ಲಸಿಕೆ ಹಾಕಬಹುದು. ಹಿಡಿತ ಸೋತ ಕೈಗೆ ಪ್ರತಿ ಸಲ ಔಷಧ ಎಳೆಯಬೇಕಿಲ್ಲದ, ತಾನೇ ತುಂಬಿಕೊಳ್ಳುವ ಸಿರಿಂಜು ಬರುತ್ತದೆ. ದೃಷ್ಟಿ ಮಂದವಾದವರು ಓಲೆಯ ಸಂಖ್ಯೆಯನ್ನು ಕಣ್ಣಿಗೆ ಒತ್ತಿ ಓದುವ ಬದಲು ಅದರ ಮೇಲಿನ ಬಾರ್‌ಕೋಡನ್ನು ಮೊಬೈಲಿಗೆ ತೋರಿಸಬಹುದು. ಹಳ್ಳಿಯ ಜನ ಇದಕ್ಕೆ ಎಂದೂ ಅಡ್ಡ ಬಂದದ್ದಿಲ್ಲ. "ನೀವ್ ಕೂತ್ಕಳಿ ಡಾಕ್ಟ್ರೇ, ಹಸ ನಾವ್ ಇಡ್ಕತೀವಿ" ಎಂದು ಸ್ಟೂಲು ತಂದಿಡುವವರು ಅವರೇ. ಅಡ್ಡ ಬರುವುದು ಎಲ್ಲರಿಗೂ ಒಂದೇ ಗುರಿ, ಒಂದೇ ದಾರಿ ಎಂದು ಬರೆದ ನಮ್ಮ ನಮೂನೆ.

ಕಿವಿ ಕೇಳದವರು ಪಶುವೈದ್ಯರಾಗುವುದು ಹೇಗೆ, ಸ್ಟೆತಾಸ್ಕೋಪ್ ಇಲ್ಲದೆ ಆಗುತ್ತದೆಯೇ ಎಂದು ಒಬ್ಬ ಪ್ರಾಧ್ಯಾಪಕರು ನನ್ನನ್ನು ಕೇಳಿದ್ದರು. ಮೊದಲನೆಯದಾಗಿ, ಸದ್ದನ್ನು ದೊಡ್ಡದು ಮಾಡುವ, ಎದೆಬಡಿತವನ್ನು ಗೆರೆಯಾಗಿ ಪರದೆಯ ಮೇಲೆ ತೋರಿಸುವ ಎಲೆಕ್ಟ್ರಾನಿಕ್ ಸ್ಟೆತಾಸ್ಕೋಪುಗಳು ಬಂದು ಎಷ್ಟೋ ಕಾಲವಾಯಿತು. ಎರಡನೆಯದು ಆ ಪ್ರಾಧ್ಯಾಪಕರೇ ನಮಗೆ ಕಲಿಸಿದ್ದು: ಹಸುವಿನ ನಾಡಿಯನ್ನು ಬಾಲದ ಅಡಿಯಲ್ಲಿ ಬೆರಳಿಟ್ಟು ನೋಡುತ್ತೇವೆ, ಮೆಲುಕು ಚೀಲ ಆಡುತ್ತಿದೆಯೇ ಎಂಬುದನ್ನು ಎಡ ಪಕ್ಕೆಯ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಹಿಡಿದು ತಿಳಿಯುತ್ತೇವೆ, ನಿಮಿಷಕ್ಕೊಮ್ಮೆಯೋ ಎರಡು ಸಲವೋ ಅದು ಮುಷ್ಟಿಯನ್ನು ಹೊರಕ್ಕೆ ದೂಡುತ್ತದೆ. ನಮ್ಮ ರೋಗಿ ಮಾತಾಡುವುದಿಲ್ಲ, ಹಾಗಾಗಿ ನಮ್ಮ ವಿದ್ಯೆಯ ಬಹುಪಾಲು ಕಣ್ಣು, ಮೂಗು, ಬೆರಳುಗಳಲ್ಲಿದೆ. ಕಿವಿ ಮಂದವಾದವರಿಗೆ ನಿಜವಾಗಿ ತೊಡಕಾಗುವುದು ಪ್ರಾಣಿಯ ಎದೆಯಲ್ಲ, ಅದರ ಯಜಮಾನರ ಬಾಯಿ. ಮಾಸ್ಕ್ ಹಾಕಿಕೊಂಡು, ಮುಖ ತಿರುಗಿಸಿಕೊಂಡು, ಮೂವರು ಒಟ್ಟಿಗೆ ಮಾತಾಡಿದರೆ ತುಟಿ ಓದುವುದು ಹೇಗೆ? ಒಬ್ಬೊಬ್ಬರಾಗಿ ಎದುರು ನಿಂತು ಹೇಳಿ ಎಂಬ ಒಂದು ಫಲಕ, ವಾಟ್ಸಾಪಿನಲ್ಲಿ ಬರೆದು ಕಳಿಸುವ ಅಭ್ಯಾಸ, ಇವು ಸಾಕಾಗುತ್ತವೆ. ಬಣ್ಣಗುರುಡು 21ರ ಪಟ್ಟಿಯಲ್ಲಿಲ್ಲ, ಆದರೂ ಹೇಳುತ್ತೇನೆ: ಕೀಟೋಸಿಸ್ ಪರೀಕ್ಷೆಯ ನೇರಳೆ ಬಣ್ಣ ಗುರುತಿಸಲಾರದ ಲ್ಯಾಬ್ ಹುಡುಗನಿಗೆ, ಸಕ್ಕರೆ ಕಾಯಿಲೆಯವರು ಬಳಸುವಂಥದೇ ಪುಟ್ಟ ಯಂತ್ರ ರಕ್ತದ ಒಂದು ಹನಿಯಿಂದ ಕೀಟೋನ್ ಪ್ರಮಾಣವನ್ನು ಅಂಕಿಯಲ್ಲೇ ಕೊಡುತ್ತದೆ.

ಕಣ್ಣಿಗೆ ಕಾಣದ ವೈಕಲ್ಯಗಳ ವಿಷಯದಲ್ಲಿ ನಾವು ಇನ್ನೂ ಹಿಂದೆ. ಮಾನಸಿಕ ಅಸ್ವಸ್ಥತೆ, ಕಲಿಕಾ ನ್ಯೂನತೆ, ಆಟಿಸಂ, ಮೂರೂ ಕಾಯ್ದೆಯ ಪಟ್ಟಿಯಲ್ಲಿವೆ. ಓದುವುದನ್ನೇ ಕಷ್ಟವಾಗಿಸುವ ಡಿಸ್ಲೆಕ್ಸಿಯಾ ಇರುವವರಿಗೆ ಒಂದೇ ರೀತಿ ಕೇಳುವ ಔಷಧಗಳ ಹೆಸರು ದೊಡ್ಡ ಗಂಡಾಂತರ. ಬಾಟಲಿಗಳಿಗೆ ಬಣ್ಣದ ಪಟ್ಟಿ ಅಂಟಿಸಿ, ತೂಕಕ್ಕೆ ತಕ್ಕ ಪ್ರಮಾಣದ ಕೋಷ್ಟಕವನ್ನು ಗೋಡೆಗೆ ಹಾಕಿದರೆ ಅವರ ತಪ್ಪಷ್ಟೇ ಅಲ್ಲ, ರಾತ್ರಿ ಎರಡು ಗಂಟೆಗೆ ಕಣ್ಣು ಕೂರುತ್ತಿರುವ ನಮ್ಮ ತಪ್ಪೂ ತಪ್ಪುತ್ತದೆ. ಆಟಿಸಂ ಎಂದಾಗ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ನೆನಪಾಗಬೇಕು. 1947ರಲ್ಲಿ ಹುಟ್ಟಿದ ಈಕೆ ಮಾತು ಕಲಿತದ್ದೇ ತಡವಾಗಿ. ಪಶುವೈದ್ಯೆಯಲ್ಲ, ಪಶುವಿಜ್ಞಾನಿ, ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ. ದನಗಳು ಓಣಿಯಲ್ಲಿ ಏಕೆ ತಟಕ್ಕನೆ ನಿಲ್ಲುತ್ತವೆ ಎಂದು ತಿಳಿಯಲು ಆಕೆ ತಾನೇ ಆ ಓಣಿಯಲ್ಲಿ ದನದ ಎತ್ತರಕ್ಕೆ ಬಗ್ಗಿ ನಡೆದು ನೋಡಿದಳು. ನೇತಾಡುವ ಸರಪಳಿ, ನೆಲದ ಮೇಲಿನ ನೆರಳು, ಬೇಲಿಗೆ ಹಾಕಿದ ಅಂಗಿ, ಉಳಿದವರ ಕಣ್ಣಿಗೆ ಬೀಳದ್ದು ಆಕೆಗೆ ಕಂಡಿತು. ಆಕೆ ರೂಪಿಸಿದ ಬಾಗಿದ ಓಣಿಗಳು ಈಗ ಜಗತ್ತಿನ ಅನೇಕ ಕಡೆ ಇವೆ. ಎಲ್ಲ ಆಟಿಸಂ ಇರುವವರೂ ಗ್ರ್ಯಾಂಡಿನ್ ಆಗಬೇಕಿಲ್ಲ, ಉಳಿದ ನಾವೇನು ನೊಬೆಲ್ ಪಡೆದಿದ್ದೇವೆಯೇ! ಡ್ಯೂಟಿ ಪಟ್ಟಿ ವಾರ ಮೊದಲೇ ತಿಳಿಸುವುದು, ಏಕಾಏಕಿ ಬದಲಿಸದಿರುವುದು, ಗದ್ದಲವಿಲ್ಲದ ಮೂಲೆಯೊಂದನ್ನು ಕೊಡುವುದು, ಅವರು ಕೇಳುವುದು ಬಹಳ ಸಲ ಇಷ್ಟೇ.

ಪಟ್ಟಣದ ನಾಯಿ ಬೆಕ್ಕುಗಳ ಕ್ಲಿನಿಕ್ಕಿನಲ್ಲಿ ಕೆಲಸ ಇನ್ನೂ ಸುಲಭ. ಏರಿಸಿ ಇಳಿಸುವ ಮೇಜು, ಆಪರೇಷನ್ನಿಗೆ ಕೂರುವ ಸ್ಟೂಲು, ಬಾಗಿಲಲ್ಲಿ ಇಳಿಜಾರು. ಮೂವತ್ತು ಕೆಜಿಯ ಲ್ಯಾಬ್ರಡಾರನ್ನು ಮೇಜಿಗೆ ಎತ್ತುವುದು ಯಾರ ಬೆನ್ನಿಗೂ ಒಳ್ಳೆಯದಲ್ಲ.

ಸಹೋದ್ಯೋಗಿಗಳ ಗೊಣಗಾಟವನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾರೆ, ನಾನೂ ಗೊಣಗಿದವನೇ. ಪರೀಕ್ಷಕರ ಪಾಲಿನ ಗುಡ್ಡ ಹತ್ತಿದ ದಿನಗಳಲ್ಲಿ ನನ್ನ ಮನೆಯಲ್ಲಿ ಅವರ ಹೆಸರು ಒಳ್ಳೆಯ ರೀತಿಯಲ್ಲಿ ಬಂದಿರಲಿಲ್ಲ. ತಪ್ಪು ಅವರದಾಗಿರಲಿಲ್ಲ, ಕೆಲಸ ಹಂಚಿದ ರೀತಿಯದು. ಅವರ ಕೆಲಸ ನಮ್ಮ ಮೇಲೆ ಬಂತು, ನಮ್ಮದೇನೂ ಅವರ ಕಡೆ ಹೋಗಲಿಲ್ಲ. ವಿಮೆಯ ಪ್ರಮಾಣಪತ್ರ, ಮರಣೋತ್ತರ ಪರೀಕ್ಷೆಯ ವರದಿ, ಸಗಣಿ ಹಾಲುಗಳ ಪರೀಕ್ಷೆ, ಔಷಧ ದಾಸ್ತಾನು, ಇವುಗಳಲ್ಲಿ ಅವರಿಗೆ ಸಲ್ಲುವಷ್ಟನ್ನು ನಮ್ಮಿಂದ ಕಳಚಿ ಅವರಿಗೆ ಕೊಟ್ಟಿದ್ದರೆ ಲೆಕ್ಕ ಸಮವಾಗುತ್ತಿತ್ತು. ಆದರೆ ಇದರ ಇನ್ನೊಂದು ಅತಿಯೂ ಇದೆ. "ಪಾಪ, ಕಾಲಿಲ್ಲ" ಎಂದು ಒಳ್ಳೆಯ ವೈದ್ಯರನ್ನು ತಂದು ಟಪಾಲು ಮೇಜಿಗೆ ಕಟ್ಟಿಹಾಕುವುದು. ಇಪ್ಪತ್ತು ವರ್ಷ ಹಸು ಮುಟ್ಟಿದ ಕೈಗೆ ಮೊಹರು ಕೊಟ್ಟು ಕೂರಿಸಿದರೆ ಅದು ಹೊಂದಾಣಿಕೆಯಲ್ಲ, ಗೌರವದ ಗಡೀಪಾರು. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಮೊದಲು ಅವರನ್ನೇ ಕೇಳಬೇಕು. ಆಗದ್ದೂ ಕೆಲವಿರುತ್ತವೆ. ಹುಚ್ಚು ಹಿಡಿದಿರಬಹುದೆಂಬ ಶಂಕೆಯ ನಾಯಿಯ ಎದುರು, ಬೇಗನೆ ಹಿಂದೆ ಸರಿಯಲಾರದವರನ್ನು ಒಂಟಿಯಾಗಿ ನಿಲ್ಲಿಸುವುದು ಸಮಾನತೆಯಲ್ಲ, ಹುಂಬತನ.

ಕಾಲೇಜಿನ ಬಾಗಿಲಲ್ಲೂ ಇದೇ ಪ್ರಶ್ನೆ ನಿಂತಿದೆ. ಪಶುವೈದ್ಯ ಎಂದರೆ ಕೋಳಿಯಿಂದ ಆನೆಯವರೆಗೆ ಎಲ್ಲ ಪ್ರಾಣಿಗೂ ಎಲ್ಲ ಚಿಕಿತ್ಸೆ ಮಾಡಬಲ್ಲವನು ಎಂಬುದು ಪದವಿಯ ಹಿಂದಿನ ಕಲ್ಪನೆ. ಬ್ರಿಟನ್ನಿನಲ್ಲೂ 1966ರ ಕಾಯ್ದೆ ಇದೇ ಕಲ್ಪನೆಯ ಮೇಲೆ ನಿಂತಿದೆ. ಈಗ ಅಲ್ಲಿನ ಪಶುವೈದ್ಯರ ನೋಂದಣಿ ಸಂಸ್ಥೆಯಾದ ಆರ್‌ಸಿವಿಎಸ್, ವೈಕಲ್ಯದಿಂದಾಗಿ ಕೆಲವು ಕೆಲಸ ಮಾತ್ರ ಮಾಡಲಾಗದ ಪದವೀಧರರಿಗೆ ಸೀಮಿತ ಪರವಾನಗಿ ಕೊಡಲು ದಾರಿ ಇರಬೇಕೆಂದು ಕಾನೂನು ಬದಲಾವಣೆಯ ಶಿಫಾರಸುಗಳಲ್ಲಿ ಹೇಳಿದೆ. ನಮ್ಮಲ್ಲಿ ಪಶುವೈದ್ಯಕೀಯದ ಪ್ರಕರಣ ನೆನಪಾಗುತ್ತಿಲ್ಲ, ಮನುಷ್ಯರ ವೈದ್ಯಕೀಯದ್ದು ಇದೆ. ಎಂಬಿಬಿಎಸ್ ಸೇರಲು ಎರಡೂ ಕೈ ಸರಿಯಾಗಿರಬೇಕು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ಕಟುವಾಗಿ ಟೀಕಿಸಿತು. ಅಭ್ಯರ್ಥಿಯ ಅಂಗವನ್ನು ಎಣಿಸುವ ಬದಲು ಆ ಅಭ್ಯರ್ಥಿ ಏನು ಮಾಡಬಲ್ಲರು ಎಂದು ಒಬ್ಬೊಬ್ಬರನ್ನಾಗಿ ಪರೀಕ್ಷಿಸಬೇಕು ಎಂದಿತು. ಹೆಬ್ಬಾಳದ ಲಸಿಕೆ ತಯಾರಿಕೆಯ ಸಂಸ್ಥೆಯಲ್ಲೋ, ರೋಗಪತ್ತೆಯ ಪ್ರಯೋಗಾಲಯದಲ್ಲೋ ಸೂಕ್ಷ್ಮದರ್ಶಕದ ಮುಂದೆ ದಿನ ಕಳೆಯುವ ವೈದ್ಯರಿಗೆ ಎತ್ತು ಕೆಡವುವ ಶಕ್ತಿ ಎಷ್ಟು ಬೇಕು ಎಂಬ ಪ್ರಶ್ನೆಗೆ ನಮ್ಮ ವಿಶ್ವವಿದ್ಯಾಲಯದವರೂ ಉತ್ತರ ಹುಡುಕಿದರೆ ಒಳ್ಳೆಯದು.

ಇನ್ನು ನೋವಿದ್ದೂ ಬಾಯಿ ಬಿಡದ ಸಹೋದ್ಯೋಗಿಗಳಿಗೆ ಎರಡು ಮಾತು. ನಿಮ್ಮ ಪ್ರಮಾಣಪತ್ರದಲ್ಲಿ ವೈಕಲ್ಯ ಶೇ 40 ಇಲ್ಲವೆಂದು ಹಿಂಜರಿಯಬೇಡಿ. ಶೇ 40 ಬೇಕಾಗುವುದು ಮೀಸಲಾತಿಯಂಥ ಸೌಲಭ್ಯಕ್ಕೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಪರೀಕ್ಷಾರ್ಥಿಯೊಬ್ಬರ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್, ತಕ್ಕ ಹೊಂದಾಣಿಕೆಗೆ ಆ ಮಟ್ಟ ಮುಟ್ಟಿರಲೇಬೇಕೆಂದಿಲ್ಲ ಎಂದು ಸ್ಪಷ್ಟಪಡಿಸಿದೆ. ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಕುಂದುಕೊರತೆ ಅಧಿಕಾರಿಯೊಬ್ಬರು ಇರಬೇಕು, ದೂರು ದಾಖಲಾದ ಎರಡು ವಾರದೊಳಗೆ ಅವರು ವಿಚಾರಣೆ ಮಾಡಬೇಕು. ಖಾಸಗಿಯವರ ಮೇಲಿನ ಹೊಣೆ ಇಷ್ಟು ಬಿಗಿಯಾಗಿಲ್ಲ. ಆದರೂ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು, 20 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಸಂಪರ್ಕಾಧಿಕಾರಿಯನ್ನೂ ಹೆಸರಿಸಬೇಕು. ಕಾಯ್ದೆ ಮೀರಿದರೆ ಮೊದಲ ಸಲಕ್ಕೆ 10,000 ರೂಪಾಯಿಯವರೆಗೆ, ಆಮೇಲೆ 50,000ದಿಂದ 5 ಲಕ್ಷದವರೆಗೆ ದಂಡ.

ಅರ್ಜಿ ಉದ್ದ ಬೇಡ. ಯಾವ ತೊಂದರೆ, ಅದರಿಂದ ಯಾವ ಕೆಲಸ ಕಷ್ಟ, ಯಾವ ಬದಲಾವಣೆ ಬೇಕು, ಅದರ ಬದಲಿಗೆ ನೀವು ಯಾವ ಕೆಲಸ ಹೊರಬಲ್ಲಿರಿ, ನಾಲ್ಕು ಸಾಲು ಸಾಕು. ಜೊತೆಗೆ ವೈದ್ಯರ ಚೀಟಿ. ಸಾಹೇಬರು ಒಳ್ಳೆಯವರಿರುವಾಗಲೇ ಬರೆಯಿರಿ. "ಅಯ್ಯೋ ನಮ್ಮ ನಮ್ಮಲ್ಲಿ ಕಾಗದ ಯಾಕ್ರೀ, ನಾನಿದೀನಲ್ಲ" ಎಂದು ಅವರು ಹೇಳಿದರೆ ನಗುತ್ತಲೇ ಕೊಡಿ. ಎರಡು ಪ್ರತಿ ಮಾಡಿ. ಒಂದನ್ನು ಟಪಾಲಿಗೆ ಹಾಕಿ, ಇನ್ನೊಂದಕ್ಕೆ ದಿನಾಂಕದ ಸೀಲು ಒತ್ತಿಸಿಕೊಂಡು ಮನೆಗೆ ತೆಗೆದುಕೊಂಡು ಹೋಗಿ.